ಎಫ್ ಬಂದಾಗ ನಿಲ್ಲುವ ಕೈ: ಗಿಟಾರ್ ಕಲಿಕೆಯ ಒಂದು ಪ್ರಕರಣ

ಈ ಪ್ರಕರಣದ ವಿದ್ಯಾರ್ಥಿನಿಗೆ 38 ವರ್ಷ. ಶಿವಮೊಗ್ಗದಲ್ಲಿ ಬ್ಯಾಂಕ್ ಕೆಲಸ, ಆರನೇ ಕ್ಲಾಸಿನ ಮಗ, ಮನೆಯಲ್ಲಿ ವಯಸ್ಸಾದ ಅತ್ತೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಮುಗಿಸಿದ್ದರು. 2020ರ ಲಾಕ್‌ಡೌನ್‌ನಲ್ಲಿ ಆನ್‌ಲೈನ್‌ನಲ್ಲಿ ಒಂದು ಗಿಟಾರ್ ತರಿಸಿಕೊಂಡು ಯೂಟ್ಯೂಬ್ ನೋಡಿ ಕಲಿಯಲು ಶುರುಮಾಡಿದರು. ನನ್ನ ಹತ್ತಿರ ಬಂದದ್ದು 2023ರ ದಸರಾ ಮುಗಿದ ಮೇಲೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕಲಿಕೆಗೆ ಸಂಬಂಧಪಟ್ಟದ್ದು ಯಾವುದನ್ನೂ ಬದಲಿಸಿಲ್ಲ. ಅವರ ದೂರು ಇಷ್ಟೇ: "ಒಂದು ಕಡೆ ನಿಂತ್ಬಿಟ್ಟಿದೀನಿ ಸರ್, ಮುಂದಕ್ಕೇ ಹೋಗ್ತಾ ಇಲ್ಲ."

ಗಿಟಾರ್ ಕಲಿಸುವವರಿಗೆ ಈ ಮಾತು ಹೊಸದಲ್ಲ. ಅದಕ್ಕೆ ನಾವು ಕೊಡುವ ಉತ್ತರವೂ ಹಳೆಯದೇ, "ಇನ್ನೂ ಪ್ರಾಕ್ಟೀಸ್ ಮಾಡಿ." ಇವರಿಗೆ ಹಾಗೆ ಹೇಳಿ ಕಳಿಸುವಂತಿರಲಿಲ್ಲ. ಪ್ರತಿ ಭಾನುವಾರ ಎರಡು ಮೂರು ಗಂಟೆ ಕೂತು ನುಡಿಸುತ್ತಿದ್ದರು. ವಾರದ ನಡುವೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತೆಗೆ ಎಚ್ಚರವಾಗದ ಹಾಗೆ ಹೆಬ್ಬೆರಳಲ್ಲಿ ಮೆಲ್ಲಗೆ ತಂತಿ ಸವರುತ್ತಿದ್ದರು. ಹನ್ನೆರಡು ಹದಿಮೂರು ಕಾರ್ಡ್, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳು, ಗೊತ್ತಿತ್ತು. ಎಷ್ಟೋ ಹಾಡುಗಳ ಇಂಟ್ರೋ ಬರುತ್ತಿತ್ತು. ಪ್ರತಿ ವಾರ ಹೊಸದೊಂದು ವಿಡಿಯೋ, ಹೊಸದೊಂದು ಹಾಡು.

"ಯಾವುದಾದರೂ ಒಂದು ಹಾಡು, ಶುರುವಿಂದ ಕೊನೇತನಕ ನುಡಿಸಿ" ಎಂದೆ. ಶುರುಮಾಡಿದರು. ಮೂರನೇ ಸಾಲಿನಲ್ಲಿ ತಪ್ಪಿತು. "ಸಾರಿ ಸರ್" ಎಂದು ಮತ್ತೆ ಮೊದಲಿಂದ. ಮತ್ತೆ ಅದೇ ಜಾಗ, ಮತ್ತೆ ಮೊದಲಿಂದ. ಪಲ್ಲವಿಯ ಮೊದಲೆರಡು ಸಾಲು ಅಷ್ಟು ನಯವಾಗಿ ಬರುತ್ತಿದ್ದದ್ದು ಯಾಕೆ ಎಂದು ಆಗ ಅರ್ಥವಾಯಿತು. ಮೂರು ವರ್ಷದಲ್ಲಿ ಅವೆರಡು ಸಾಲುಗಳನ್ನು ಎಷ್ಟು ಸಾವಿರ ಸಲ ನುಡಿಸಿದ್ದರೋ. ಚರಣದ ಕೊನೆಯ ಸಾಲನ್ನು ನುಡಿಸಿದ್ದು ಕೈಬೆರಳೆಣಿಕೆಯಷ್ಟು ಸಲ ಮಾತ್ರ. ತಪ್ಪಿದಾಗಲೆಲ್ಲ ಮೊದಲಿಗೆ ಓಡುವವರು ತಮಗೆ ಬರುವುದನ್ನೇ ಅಭ್ಯಾಸ ಮಾಡುತ್ತಿರುತ್ತಾರೆ. ಗಂಟೆಗಟ್ಟಲೆ ಕೂತ ತೃಪ್ತಿ ಇರುತ್ತದೆ, ಹಾಡು ಮಾತ್ರ ಮುಗಿಯುವುದಿಲ್ಲ.

ತಪ್ಪುತ್ತಿದ್ದ ಜಾಗದಲ್ಲಿ ಇದ್ದದ್ದು ಎಫ್ ಕಾರ್ಡ್. ಗಿಟಾರ್ ಹಿಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಸಿ, ಜಿ, ಡಿ, ಇ ಮೈನರ್, ಎ ಮೈನರ್ ತನಕ ಸುಖವಾಗಿ ಬಂದು ಎಫ್‌ಗೆ ಕೈಚೆಲ್ಲಿ ಗಿಟಾರನ್ನು ಬೀರುವಿನ ಮೇಲಿಟ್ಟವರು ಪ್ರತಿ ಊರಲ್ಲೂ ಇದ್ದಾರೆ. ಆದರೆ "ಎಫ್ ಬರಲ್ಲ" ಎಂದರೆ ಸರಿಯಾಗಿ ಏನು ಬರುವುದಿಲ್ಲ ಎಂದು ನೋಡಬೇಕಿತ್ತು. ಅವರದೇ ಮೊಬೈಲನ್ನು ಮೇಜಿನ ಮೇಲೆ ನಿಲ್ಲಿಸಿ ವಿಡಿಯೋ ಹಿಡಿದು ಇಬ್ಬರೂ ಕೂತು ನೋಡಿದೆವು. ಎಡಗೈ ಎಫ್‌ಗೆ ಹೋಗುವ ಮೊದಲು ಬಲಗೈ ನಿಲ್ಲುತ್ತಿತ್ತು. ಎಡಗೈ ಬೆರಳುಗಳು ಒಂದೊಂದಾಗಿ ಕೂತ ಮೇಲೆ, ಕಣ್ಣಲ್ಲಿ ಒಮ್ಮೆ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಬಲಗೈ ಮತ್ತೆ ಓಡುತ್ತಿತ್ತು. ನಡುವಿನ ಖಾಲಿ ಹೆಚ್ಚು ಕಡಿಮೆ ಒಂದು ಅಕ್ಷರ ಕಾಲ, ಅಂದರೆ ತಾಳದ ಒಂದು ಎಣಿಕೆಯಷ್ಟು.

"ತಾಳ ಹಾಕಿ ನೋಡಿ" ಎಂದೆ. ಜೂನಿಯರ್ ಪರೀಕ್ಷೆ ಪಾಸಾದವರಲ್ಲವೇ, ವಿಡಿಯೋ ನೋಡುತ್ತಾ ತೊಡೆಯ ಮೇಲೆ ತಾಳ ಹಾಕಿದರು. ಎರಡನೇ ಎಫ್ ಬರುವಷ್ಟರಲ್ಲಿ ನಗು ತಡೆಯಲಾಗಲಿಲ್ಲ ಅವರಿಗೆ. ನಾಲ್ಕರ ಎಣಿಕೆಯ ಚತುರಶ್ರದ ಹಾಡು ಎಫ್ ಬಂದಾಗಲೆಲ್ಲ ಐದರ ಖಂಡವಾಗುತ್ತಿತ್ತು! ಮೂರು ವರ್ಷ ಒಬ್ಬರೇ ನುಡಿಸಿಕೊಂಡಿದ್ದರಿಂದ, ಹಾಡುವುದೂ ತಾವೇ ಆದ್ದರಿಂದ, ಕೈ ನಿಂತಾಗ ದನಿಯೂ ಕಾಯುತ್ತಿತ್ತು. ಜೊತೆಗೆ ತಬಲಾದವರೋ ಇನ್ನೊಬ್ಬ ಗಾಯಕರೋ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಕೈ ತಿದ್ದುವ ಮೊದಲು ವಾದ್ಯವನ್ನು ನೋಡಬೇಕು. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ವಿದ್ಯಾರ್ಥಿಯ ಸೋಮಾರಿತನ ಎಂದುಕೊಳ್ಳುವ ಎಷ್ಟೋ ತೊಂದರೆಗಳು ಅಗ್ಗದ ಗಿಟಾರ್‌ನ ಎತ್ತರದ ತಂತಿಗಳಲ್ಲಿರುತ್ತವೆ. ಇವರ ಗಿಟಾರ್‌ನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆಗಳಲ್ಲಿ (ಫ್ರೆಟ್) ಹನ್ನೆರಡನೆಯದರ ಹತ್ತಿರ ದಪ್ಪ ತಂತಿಯ ಕೆಳಗೆ ಸ್ಕೇಲ್ ಹಿಡಿದರೆ ಮೂರೂವರೆ ಮಿಲಿಮೀಟರ್ ಅಂತರವಿತ್ತು. ಆರಾಮವಾಗಿ ನುಡಿಸಲು ಎರಡೂವರೆಯ ಆಸುಪಾಸು ಇರಬೇಕು. ಆಮೇಲೆ ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲಾ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, "ಈಗ ಅದೇ ಎಫ್ ಆಕಾರ ಹಿಡೀರಿ" ಎಂದೆ. ಹಿಡಿದರು, ಹೊಡೆದರು, ಮುಖ ಎತ್ತಿ ನನ್ನನ್ನೇ ನೋಡಿದರು. ಹೆಚ್ಚು ಕಡಿಮೆ ಎಲ್ಲಾ ತಂತಿಯೂ ಮಾತಾಡಿತ್ತು.

ಕ್ಯಾಪೊ ಇಲ್ಲದೆ ಬಾರದ್ದು ಕ್ಯಾಪೊ ಹಾಕಿದ ಕೂಡಲೇ ಬಂತೆಂದರೆ ಮುಖ್ಯವಾಗಿ ನಟ್ ಎತ್ತರವಾಗಿದೆ ಎಂದು ಅರ್ಥ. ಗಿಟಾರ್‌ನ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿ ಅದು. ಅದರ ಕಚ್ಚುಗಳು ಆಳವಿಲ್ಲದಿದ್ದರೆ ಮೊದಲ ಫ್ರೆಟ್‌ನಲ್ಲಿ ತಂತಿ ಒತ್ತಲು ವಿಪರೀತ ಬಲ ಬೇಕು. ಎಫ್ ಇರುವುದೇ ಅಲ್ಲಿ. ಕ್ಯಾಪೊ ಹಾಕಿದರೆ ನಟ್‌ನ ಕೆಲಸವನ್ನು ಅದೇ ಮಾಡುವುದರಿಂದ ತೊಂದರೆ ಮಾಯ. ಗಿಟಾರ್ ರಿಪೇರಿ ಮಾಡುವವರ ಹತ್ತಿರ ಕಳಿಸಿದೆ. ನಟ್‌ನ ಕಚ್ಚುಗಳನ್ನು ಅರದಿಂದ ಚೂರೇ ಚೂರು ಉಜ್ಜಿ, ಇನ್ನೊಂದು ತುದಿಯ ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಪಟ್ಟಿಯನ್ನು, ಅಂದರೆ ಸ್ಯಾಡಲ್ ಅನ್ನು, ತೇದು ಕೊಟ್ಟರು. ಹನ್ನೆರಡನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ ಒಂದು ಮಿಲಿಮೀಟರ್ ಇಳಿಯಬೇಕು, ಅಂದರೆ ಎರಡರಷ್ಟು. ಈ ಲೆಕ್ಕ ಗೊತ್ತಿಲ್ಲದೆ ಮನೆಯಲ್ಲೇ ಉಜ್ಜಿ ಕೆಡಿಸಿಕೊಂಡವರಿದ್ದಾರೆ. ತಂತಿಯನ್ನೂ 12ರ ಸೆಟ್‌ನಿಂದ ತುಸು ತೆಳುವಾದ 11ರ ಸೆಟ್‌ಗೆ ಬದಲಾಯಿಸಿದೆವು. ಗಿಟಾರ್ ವಾಪಸ್ ಬಂದ ದಿನ ಅವರು ಹೇಳಿದ್ದು: "ನಾನು ಮೂರು ವರ್ಷ ನನ್ನ ಬೆರಳಿಗೇ ಬೈಕೊಂಡಿದ್ದೆ."

ಆದರೆ ಬಲಗೈ ಇನ್ನೂ ನಿಲ್ಲುತ್ತಲೇ ಇತ್ತು. ತಂತಿ ತಗ್ಗಿದ ಮಾತ್ರಕ್ಕೆ ಮೂರು ವರ್ಷದ ಅಭ್ಯಾಸ ಹೋಗುವುದಿಲ್ಲ.

ಎಡಗೈ ವಿಷಯ ಸುಲಭದ್ದು. ಸಿ ಮತ್ತು ಎಫ್ ಬೇರೆ ಬೇರೆ ಎರಡು ಭಂಗಿಗಳೆಂದು ಅವರು ಕಲಿತಿದ್ದರು. ಯೂಟ್ಯೂಬಿನಲ್ಲಿ ಒಂದೊಂದು ಕಾರ್ಡಿಗೆ ಒಂದೊಂದು ಚಿತ್ರ ತೋರಿಸುವುದರಿಂದ ಹಾಗಾಗುತ್ತದೆ. ಆರೂ ತಂತಿ ಒತ್ತುವ ಪೂರ್ತಿ ಎಫ್ ಬಿಟ್ಟು ನಾಲ್ಕು ತಂತಿಯ ಚಿಕ್ಕ ಎಫ್ ತೆಗೆದುಕೊಂಡೆವು. ತೆಳು ತಂತಿಯನ್ನು ಒಂದು ಎಂದೆಣಿಸಿದರೆ, ಸಿ ಹಿಡಿದಾಗ ಉಂಗುರಬೆರಳು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್‌ನಲ್ಲಿ ಇರುತ್ತವೆ. ಚಿಕ್ಕ ಎಫ್‌ಗೆ ಉಂಗುರಬೆರಳು ಅದೇ ಮೂರನೇ ಫ್ರೆಟ್‌ನಲ್ಲಿ ಒಂದು ತಂತಿ ಕೆಳಗಿಳಿದರಾಯಿತು. ನಡುಬೆರಳೂ ಅದೇ ಎರಡನೇ ಫ್ರೆಟ್‌ನಲ್ಲಿ ಒಂದು ತಂತಿ ಕೆಳಗೆ. ತೋರುಬೆರಳು ಇದ್ದಲ್ಲೇ ಇದ್ದು ತುಸು ಒರಗಿ ಒಂದನೇ ತಂತಿಯನ್ನೂ ಒತ್ತಿಕೊಳ್ಳುತ್ತದೆ. ಇಷ್ಟೇ ಚಲನೆ. ಬೆರಳುಗಳನ್ನು ಪೂರ್ತಿ ಎತ್ತಿ ಗಾಳಿಯಲ್ಲಿ ಹೊಸದಾಗಿ ಜೋಡಿಸುವ ಅಗತ್ಯವೇ ಇಲ್ಲ. ಇದನ್ನು ತೋರಿಸಿದಾಗ ಅವರು ಸದ್ದು ಮಾಡದೆ, ಸುಮ್ಮನೆ ಎಡಗೈಯನ್ನಷ್ಟೇ ಸಿ-ಎಫ್, ಸಿ-ಎಫ್ ಎಂದು ಆಡಿಸುತ್ತಾ ಬಹಳ ಹೊತ್ತು ಕೂತರು. ಸದ್ದಿಲ್ಲದ ಈ ಅಭ್ಯಾಸ ರಾತ್ರಿ ಅತ್ತೆ ಮಲಗಿದ ಮೇಲೂ ನಡೆಯುತ್ತದೆ ಎಂಬುದು ಅವರಿಗೇ ಹೊಳೆಯಿತು.

ಹೆಬ್ಬೆರಳ ವಿಷಯವೂ ಇತ್ತು. ಸದ್ದು ಬರದಾಗ ಅವರು ಹೆಬ್ಬೆರಳಿಂದ ಹಿಂದಿನಿಂದ ಹಿಂಡುತ್ತಿದ್ದರು. ಐದು ನಿಮಿಷಕ್ಕೆ ಅಂಗೈ ಬುಡ ನೋಯುತ್ತಿತ್ತು. ಮೊಣಕೈಯನ್ನು ಪಕ್ಕೆಗೆ ಹತ್ತಿರ ತಂದು, ತೋಳಿನ ಭಾರವೇ ತಂತಿಯನ್ನು ಹಿಂದಕ್ಕೆ ಎಳೆಯುವ ಹಾಗೆ ಮಾಡಿದರೆ ಹಿಂಡಬೇಕಾದ ಬಲ ಕಡಿಮೆಯಾಗುತ್ತದೆ.

ಬಲಗೈಗೆ ಒಂದೇ ನಿಯಮ ಹಾಕಿದೆ: ಎಡಗೈ ಮುಟ್ಟಲಿ, ಬಿಡಲಿ, ಬಲಗೈ ನಿಲ್ಲಬಾರದು. ಎಫ್ ತಡವಾದರೆ ತೆರೆದ ತಂತಿಗಳೇ ಮೊಳಗಲಿ, ಸತ್ತ ಸದ್ದು ಬರಲಿ, ಪರವಾಗಿಲ್ಲ. ಇದಕ್ಕೆ ಅವರು ಒಪ್ಪಿದ್ದು ಕಷ್ಟದಿಂದ. ಅಪಸ್ವರ ಎಂದರೆ ಮುಖ ಕಿವುಚುವ ಮನೆಯಲ್ಲಿ ಬೆಳೆದವರು. "ತಪ್ಪು ನುಡಿಸಿಕೊಂಡೇ ಹೋಗೋದಾ ಸರ್?" ಎಂದು ಎರಡು ಸಲ ಕೇಳಿದರು. ಹೌದು ಎಂದೆ. ಸ್ವರ ತಪ್ಪಿದರೆ ಮುಂದಿನ ಸಲ ತಿದ್ದಬಹುದು, ಲಯ ತಪ್ಪಿದರೆ ಹಾಡೇ ನಿಲ್ಲುತ್ತದೆ.

ಅವರಿಗೆ ನಿಜವಾಗಿ ಬಾಗಿಲು ತೆರೆದದ್ದು ಇನ್ನೊಂದು ಸಣ್ಣ ಸಂಗತಿ. ಕಾರ್ಡನ್ನು ಅದರ ಕೊನೆಯ ಅಕ್ಷರದ ತನಕ ಒತ್ತಿ ಹಿಡಿದಿದ್ದು, ಆಮೇಲೆ ಮುಂದಿನದಕ್ಕೆ ಹಾರಬೇಕೆಂದು ಅವರು ನಂಬಿದ್ದರು. ಅನುಭವಿಗಳು ಹಾಗೆ ಮಾಡುವುದಿಲ್ಲ. ನಾಲ್ಕನೇ ಅಕ್ಷರದ ಕೊನೆಯ ಅರ್ಧದಲ್ಲಿ, ಬಲಗೈ ಕೆಳಗಿಂದ ಮೇಲಕ್ಕೆ ಬರುವ ಆ ಕೊನೆಯ ಹೊಡೆತದಲ್ಲಿ, ಎಡಗೈ ಆಗಲೇ ಹೊರಟಿರುತ್ತದೆ. ಆ ಹೊಡೆತಕ್ಕೆ ಬರುವುದು ತೆರೆದ ತಂತಿಗಳ ಸದ್ದು. ಕೇಳುವವರ ಕಿವಿ ಅದನ್ನು ಗಮನಿಸುವುದಿಲ್ಲ, ಏಕೆಂದರೆ ಮುಂದಿನ ಮೊದಲ ಅಕ್ಷರಕ್ಕೆ ಸರಿಯಾದ ಕಾರ್ಡ್ ಬಂದು ಅದನ್ನು ಮುಚ್ಚಿಬಿಡುತ್ತದೆ. ನಾನು ನಿಧಾನವಾಗಿ ನುಡಿಸಿ ತೋರಿಸಿದೆ. "ಅಯ್ಯೋ, ಇದು ಮೋಸ!" ಎಂದರು. ಆ ಮೋಸವನ್ನು ಕಲಿತ ವಾರವೇ ಎಫ್‌ಗೆ ಮುಂಚಿನ ಖಾಲಿ ಅರ್ಧಕ್ಕೆ ಇಳಿಯಿತು.

ವೇಗಕ್ಕೆ ಅವರ ಹಳೇ ಪಾಠವನ್ನೇ ಬಳಸಿದೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಬೆಳೆದವರಿಗೆ ಮೆಟ್ರೊನೋಮ್ (ಟಕ್ ಟಕ್ ಎಂದು ಲಯ ಹಾಕುವ ಯಂತ್ರ) ಅಂದರೆ ಭಯವಿರಬಾರದು, ಆದರೂ ಇತ್ತು. ಹಾಗಾಗಿ ಮೆಟ್ರೊನೋಮ್ ನಿಮಿಷಕ್ಕೆ 50 ಬಡಿತಕ್ಕೆ ಇಟ್ಟು ಒಂದು ಅಕ್ಷರಕ್ಕೆ ಒಂದು ಹೊಡೆತ, ಅದು ಮೊದಲ ಕಾಲ. ಆಮೇಲೆ ಎರಡು, ಆಮೇಲೆ ನಾಲ್ಕು. ಮೆಟ್ರೊನೋಮ್ ಇದ್ದಲ್ಲೇ ಇರುತ್ತದೆ. ಬೇರೆಯವರಿಗೆ ಅರ್ಧ ಗಂಟೆ ವಿವರಿಸಬೇಕಾದ ಇದು ಇವರಿಗೆ ಅರ್ಧ ನಿಮಿಷದಲ್ಲಿ ಹತ್ತಿತು.

ಇನ್ನು ದಿನಚರಿ. ಭಾನುವಾರದ ಮೂರು ಗಂಟೆಯನ್ನು ಒಡೆದು ದಿನಕ್ಕೆ ಇಪ್ಪತ್ತು ನಿಮಿಷ ಮಾಡಿದೆವು. ಹೊತ್ತು ಅವರೇ ಹುಡುಕಿಕೊಂಡರು: ಸಂಜೆ ಕುಕ್ಕರ್ ಇಟ್ಟಾಗಿನಿಂದ ಅದರ ಮುಚ್ಚಳ ತೆಗೆಯುವ ತನಕ. ಚೀಲದೊಳಗೆ ಜಿಪ್ ಹಾಕಿ ಇಡುತ್ತಿದ್ದ ಗಿಟಾರ್ ಈಗ ಊಟದ ಮೇಜಿನ ಪಕ್ಕದ ಗೋಡೆಗೆ ನೇತುಬಿತ್ತು. ರಾತ್ರಿ ನುಡಿಸುವುದಾದರೆ ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಮಡಿಸಿದ ಕರ್ಚೀಫ್ ಸಿಕ್ಕಿಸಿದರೆ ಸದ್ದು ಬಹಳ ತಗ್ಗುತ್ತದೆ, ಲಯ ಮಾತ್ರ ಸ್ಪಷ್ಟವಾಗಿ ಕೇಳುತ್ತದೆ.

ಅವರಿಗೆ ಇದು ಹಿಡಿಸಲಿಲ್ಲ. "ಇಪ್ಪತ್ತು ನಿಮಿಷದಲ್ಲಿ ಏನೂ ಮಾಡಿದ ಹಾಗೇ ಆಗಲ್ಲ ಸರ್. ಭಾನುವಾರ ಕೂತರೆ ಸಂಜೆ ಹೊತ್ತಿಗೆ ಕೈ ಓಡ್ತಾ ಇರುತ್ತೆ." ಅವರ ಅನುಭವ ಸುಳ್ಳಲ್ಲ. ಬ್ರಿಟನ್ನಿನಲ್ಲಿ ಅಂಚೆ ನೌಕರರಿಗೆ ಟೈಪಿಂಗ್ ಕೀಬೋರ್ಡ್ ಕಲಿಸಿದ ಒಂದು ಅಧ್ಯಯನವನ್ನು ಸಂಶೋಧಕರಾದ ಆಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದೇ ಗಂಟೆ ಕಲಿತವರು ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟು ಕಡಿಮೆ ಗಂಟೆಗಳಲ್ಲಿ ಪಳಗಿದರು. ಆದರೆ ತಮ್ಮ ತರಬೇತಿಯ ಬಗ್ಗೆ ಅತಿ ಕಡಿಮೆ ಸಮಾಧಾನ ಇದ್ದದ್ದೂ ಅವರಿಗೇ, ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಂತೆ ಕಾಣುತ್ತಿತ್ತಲ್ಲ. ಇದನ್ನು ಹೇಳಿದಾಗ ಬ್ಯಾಂಕಿನವರು ನಕ್ಕು, "ಆರ್‌ಡಿ ಕಟ್ಟೋರದ್ದೂ ಇದೇ ಗೋಳು" ಎಂದರು.

ಸಮಾಧಾನ ಸುಳ್ಳು ಹೇಳುವುದಾದರೆ ಅಳೆಯುವುದು ಹೇಗೆ? ಒಂದು ನಿಮಿಷಕ್ಕೆ ಟೈಮರ್ ಇಟ್ಟು ಸಿ-ಎಫ್ ಎಷ್ಟು ಸಲ ಬದಲಾಗುತ್ತದೆ ಎಂದು ಎಣಿಸುವುದು ಗಿಟಾರ್ ಮೇಷ್ಟ್ರುಗಳೆಲ್ಲ ಮಾಡಿಸುವ ಕೆಲಸ. ಮೊದಲ ದಿನ ಅವರದು 8 ಬಂತು, ಇಪ್ಪತ್ತು ನಿಮಿಷದ ಕೊನೆಗೆ 19. ಅವರು ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ 19 ಎಂದು ಬರೆದರು. ಅದನ್ನು ಹೊಡೆದುಹಾಕಿ 8 ಬರೆಯಲು ಹೇಳಿದೆ. ಕೈ ಬಿಸಿಯಾದ ಮೇಲಿನ 19 ಆ ಹೊತ್ತಿನದು. ಗಿಟಾರ್ ಕೈಗೆತ್ತಿಕೊಂಡ ಮೊದಲ ನಿಮಿಷದ್ದೇ ನಿಜವಾಗಿ ಕೂಡಿಟ್ಟದ್ದು. ಮರುದಿನ ತಣ್ಣನೆ ಕೈಯಲ್ಲಿ ಬಂದದ್ದು 9. ಮುಖ ಸಣ್ಣದು ಮಾಡಿಕೊಂಡರು. ನನಗೆ ಖುಷಿಯಾಯಿತು. ನನ್ನ ಪ್ರಕಾರ "ಸ್ಥಿರ ಪ್ರಗತಿ" ಅಂದರೆ ಆ 8ರಿಂದ 9ಕ್ಕೆ ಹೋದದ್ದು. ಹೆಚ್ಚಿನವರು ಅದನ್ನು 8ರಿಂದ 19ಕ್ಕೆ ಹಾರಿದ್ದರಲ್ಲಿ ಹುಡುಕುತ್ತಾರೆ, ಮರುದಿನ ಅದು ಕಾಣದಿದ್ದಾಗ ತಾವು ನಿಂತಲ್ಲೇ ನಿಂತಿದ್ದೇವೆ ಎಂದುಕೊಳ್ಳುತ್ತಾರೆ.

ಚಲನೆ ಕೈಗೆ ಹತ್ತುವ ತನಕ, ಮೊದಲೆರಡು ವಾರ, ಸಿ-ಎಫ್ ಒಂದನ್ನೇ ಮಾಡಿಸಿದೆ. ಆಮೇಲೆ ಜಿ-ಎಫ್, ಎ ಮೈನರ್-ಎಫ್ ಸೇರಿಸಿ ಕಲಸಿಬಿಟ್ಟೆ. ಕಲಸಿದ ಕೂಡಲೇ ಎಲ್ಲವೂ ಕೆಟ್ಟಂತೆ ಕಾಣುತ್ತದೆ. 1979ರಲ್ಲಿ ಸಂಶೋಧಕರಾದ ಶೇ ಮತ್ತು ಮಾರ್ಗನ್ ತೋರಿಸಿದ್ದೂ ಇದನ್ನೇ: ಕೈಚಲನೆಯ ಮೂರು ಬಗೆಗಳನ್ನು ಒಂದಾದ ಮೇಲೊಂದು ಮುಗಿಸಿದವರು ಅಭ್ಯಾಸದ ಹೊತ್ತಿನಲ್ಲಿ ಚುರುಕಾಗಿದ್ದರು, ಬೆರೆಸಿ ಮಾಡಿದವರು ತಡವರಿಸಿದರು. ಹತ್ತು ದಿನ ಬಿಟ್ಟು ನೋಡಿದಾಗ ಬೆರೆಸಿ ಮಾಡಿದವರದೇ ಮೇಲುಗೈ. ಇವರ ಕ್ಯಾಲೆಂಡರಿನಲ್ಲೂ ಒಂದು ವಾರ ಅಂಕಿ ಕುಸಿದು ಆಮೇಲೆ ಮೆಲ್ಲಗೆ ಏರಿತು. ಡಿಸೆಂಬರ್ ಕೊನೆಗೆ ತಣ್ಣನೆ ಕೈಯ ಲೆಕ್ಕ 24.

ಇಷ್ಟರಲ್ಲಿ ಬರೀ ಎಫ್ ಜಪ ಮಾಡಿಸಿದೆ ಎಂದುಕೊಳ್ಳಬೇಡಿ, ಹಾಗೆ ಮಾಡಿದ್ದರೆ ತಿಂಗಳೊಳಗೆ ಬಿಟ್ಟು ಹೋಗಿರುತ್ತಿದ್ದರು. ಅವರ ಕಂಠದ ಶ್ರುತಿ ಐದೂವರೆ, ಗಿಟಾರ್ ಲೆಕ್ಕದಲ್ಲಿ ಜಿ ಶಾರ್ಪ್. ಇಂಟರ್ನೆಟ್ಟಿನಲ್ಲಿ ಸಿಗುವ ಕಾರ್ಡ್‌ಗಳು ಮೂಲ ಗಾಯಕರ ಶ್ರುತಿಯವು, ಅದಕ್ಕೆ ದನಿ ಕೂಡದೆ ಕಷ್ಟಪಟ್ಟು ಹಾಡುತ್ತಿದ್ದರು. ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿ ಜಿ ಆಕಾರಗಳಲ್ಲಿ ನುಡಿಸಿದರೆ ಸರಿಯಾಗಿ ಐದೂವರೆ ಬರುತ್ತದೆ. ಜಿ, ಸಿ, ಡಿ, ಇ ಮೈನರ್ ಸಾಕು, ಎಫ್‌ನ ಗೊಡವೆಯಿಲ್ಲ. ಹೀಗೆ ಒಂದು ಭಾವಗೀತೆಯನ್ನು ಕೊನೆಯ ಸಾಲಿನಿಂದ ಹಿಂದಕ್ಕೆ ಕಲಿಸಿದೆ. ಮೊದಲು ಕೊನೆಯ ಸಾಲು, ಆಮೇಲೆ ಅದರ ಹಿಂದಿನದು ಸೇರಿಸಿ ಕೊನೆಯ ತನಕ, ಹೀಗೆ. ಮುಂದೆ ಮುಂದೆ ಹೋದ ಹಾಗೆ ಗೊತ್ತಿರುವ ಜಾಗವೇ ಬರುವುದರಿಂದ ಧೈರ್ಯ ಹೆಚ್ಚುತ್ತದೆ. ಮೂರು ವರ್ಷದಲ್ಲಿ ಅವರು ಪೂರ್ತಿ ನುಡಿಸಿದ ಮೊದಲ ಹಾಡು ಅದು. ಅತ್ತೆ ಅಡುಗೆಮನೆಯಿಂದಲೇ, "ಮುಗೀತಾ? ಇವತ್ತು ಪೂರ್ತಿ ಆಯ್ತಲ್ಲೇ!" ಎಂದರಂತೆ.

ಹಾಗಾದರೆ ಎಫ್ ಬೇಡವೇ ಬೇಡ ಎನ್ನಬಹುದಿತ್ತಲ್ಲ? ಬೇಕಿತ್ತು. ಬ್ಯಾಂಕಿನ ರಾಜ್ಯೋತ್ಸವಕ್ಕೆ ಅವರು ಹಾಡಬೇಕೆಂದಿದ್ದ ಗೀತೆಯ ಚರಣದಲ್ಲಿ ಕೈಶಿಕಿ ನಿಷಾದ, ಅಂದರೆ ತಗ್ಗಿನ ನಿ, ಎದ್ದು ಕಾಣುತ್ತದೆ. ಜಿ ಆಕಾರದಲ್ಲಿ ನುಡಿಸುವಾಗ ಆ ನಿಷಾದದ ಕಾರ್ಡೇ ಎಫ್. ಡಿ ಹಾಕಿ ತಪ್ಪಿಸಿಕೊಳ್ಳಲು ನೋಡಿದರು. ಅವರದೇ ಕಿವಿ ಒಪ್ಪಲಿಲ್ಲ.

ಮಾರ್ಚ್ ಬಂತು. ಬ್ಯಾಂಕಿನವರಿಗೆ ಮಾರ್ಚ್ ಅಂದರೆ ಏನೆಂದು ಹೇಳಬೇಕಿಲ್ಲ. ಎರಡು ವಾರಕ್ಕೂ ಹೆಚ್ಚು ಗಿಟಾರ್ ಗೋಡೆಯಲ್ಲೇ ಇತ್ತು. ಏಪ್ರಿಲ್ ಮೊದಲ ವಾರ ಅಂಕಿ 31ರಿಂದ 20ಕ್ಕೆ ಬಿದ್ದಿತ್ತು, ಬೆರಳತುದಿಯ ಜಡ್ಡು ಸುಲಿದು ಮತ್ತೆ ನೋವು. ಹತ್ತು ದಿನದೊಳಗೆ ಮೂವತ್ತು ದಾಟಿದರು. ಮೊದಲ ಸಲ 20ರಿಂದ 31ಕ್ಕೆ ಹೋಗಲು ತಿಂಗಳುಗಳೇ ಹಿಡಿದಿದ್ದವು. ಮರೆತದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕೆಂದು ಜರ್ಮನ್ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ಅವರಿಗೆ ಅದಕ್ಕಿಂತ ಕ್ಯಾಲೆಂಡರಿನ ಪುಟವೇ ಹೆಚ್ಚು ನೆಮ್ಮದಿ ಕೊಟ್ಟಿತು.

ಜುಲೈನ ಕುಸಿತ ಬೇರೆ ಥರದ್ದು. ರಜೆಯಿಲ್ಲ, ದಿನವೂ ಕೂರುತ್ತಿದ್ದಾರೆ, ಆದರೂ 38 ಇದ್ದದ್ದು 29, 27. "ಮತ್ತೆ ನಿಂತ್ಹೋಯ್ತು" ಎಂದು ಮೆಸೇಜು. ಹೊರಗೆ ಬಿಡದ ಮಳೆ. ಗಿಟಾರ್ ತರಿಸಿ ನೋಡಿದರೆ ತಂತಿಗಳು ತುಕ್ಕು ಹಿಡಿದು ಬೆರಳು ಜಾರುತ್ತಿರಲಿಲ್ಲ, ಮರ ತೇವ ಕುಡಿದು ಮೇಲ್ಹಲಗೆ ಉಬ್ಬಿ ತಂತಿ ಮತ್ತೆ ಎದ್ದಿತ್ತು. ಮಲೆನಾಡಿನಲ್ಲಿ ಗಿಟಾರ್ ಇಟ್ಟುಕೊಂಡವರು ಮಳೆಗಾಲದಲ್ಲಿ ಒಮ್ಮೆ ಸ್ಕೇಲ್ ಹಿಡಿದು ನೋಡಲೇಬೇಕು. ಹೊಸ ತಂತಿ ಹಾಕಿ, ಹೊರಗೋಡೆಯಿಂದ ಒಳಗೋಡೆಗೆ ಸ್ಥಳ ಬದಲಿಸಿ, ರಾತ್ರಿ ಹೊತ್ತು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಚೀಲದೊಳಗೆ ಇಡಲು ಹೇಳಿದೆ. ಆಗಸ್ಟ್ ಹೊತ್ತಿಗೆ ನಲವತ್ತು ದಾಟಿತು. ಅಂಕಿ ಬರೆದಿಡದಿದ್ದರೆ ಆ ಕುಸಿತವನ್ನು ಅವರು ವಯಸ್ಸಿನ ಮೇಲೆ ಹಾಕುತ್ತಿದ್ದರು.

2024ರ ನವೆಂಬರಿನಲ್ಲಿ ಶಾಖೆಯ ರಾಜ್ಯೋತ್ಸವ. ನಾನು ಹೋಗಿದ್ದೆ. ಸಹೋದ್ಯೋಗಿಯೊಬ್ಬರು ತಬಲಾಕ್ಕೆ ಕೂತಿದ್ದರು, ಅಭ್ಯಾಸದಲ್ಲಿ ನುಡಿಸಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ವೇಗ ಹಿಡಿದರು. ಮೊದಲ ಚರಣದ ಎಫ್‌ಗಳು ಬಂದವು. ಎರಡನೇ ಚರಣದಲ್ಲಿ ಒಂದು ಎಫ್ ಬರಲೇ ಇಲ್ಲ, ಬೆರಳು ಎಲ್ಲೋ ಬಿದ್ದು ಟಕ್ ಎಂದು ಸತ್ತ ಸದ್ದಾಯಿತು. ಬಲಗೈ ನಿಲ್ಲಲಿಲ್ಲ. ಹಾಡು ನಡೆಯಿತು. ಕೆಳಗಿಳಿದು ಬಂದವರೇ ನನ್ನನ್ನು ಕೇಳಿದ್ದು, "ಎಫ್ ಹೋಯ್ತಲ್ಲ, ಕೇಳಿಸ್ತಾ?" ನನಗೆ ಕೇಳಿಸಿತ್ತು. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರಿಗೆ ಕೇಳಿಸಿರಲಿಲ್ಲ.

ಇನ್ನೂ ಆಗಬೇಕಾದ್ದು ಇದೆ. ಪೂರ್ತಿ ಆರು ತಂತಿಯ ಎಫ್ ಇವತ್ತಿಗೂ ಒಂದೆರಡು ನಿಮಿಷದ ಮೇಲೆ ನಿಲ್ಲುವುದಿಲ್ಲ. ತೋರುಬೆರಳು ಆರೂ ತಂತಿಗಳನ್ನು ಸಮನಾಗಿ ಒತ್ತಬೇಕಿಲ್ಲ, ನಡುವಿನ ಮೂರನ್ನು ಬೇರೆ ಬೆರಳುಗಳೇ ಹಿಡಿದಿರುತ್ತವೆ, ಉಳಿಯುವುದು ಆರು, ಎರಡು, ಒಂದು ಮಾತ್ರ ಎಂದು ವಿವರಿಸಿದ್ದೇನೆ. ತಲೆಗೆ ಹೋಗಿದೆ, ಕೈಗೆ ಇಳಿದಿಲ್ಲ. ಮೆಟ್ರೊನೋಮ್ ಜೊತೆ ಹಾಡುವಾಗ ದನಿಯ ಗಮಕ ಒಣಗುತ್ತದೆ, ಹಾಗಾಗಿ ವಾರಕ್ಕೆ ಎರಡು ದಿನ ಮೆಟ್ರೊನೋಮ್ ಆಫ್ ಮಾಡಿ ತಬಲಾದವರ ಜೊತೆ ಕೂರುತ್ತಾರೆ. ಕ್ಯಾಲೆಂಡರಿನಲ್ಲಿ ಈಗ ಸಿ-ಎಫ್ ಬದಲು ಜಿ-ಬಿ ಮೈನರ್ ಬರೆಯುತ್ತಿದ್ದಾರೆ. ಹೋದ ವಾರ ತಣ್ಣನೆ ಕೈಯ ಲೆಕ್ಕ 11 ಇತ್ತು.